ಸ್ಟಿರಾಯ್ಡ್ ಮಾತ್ರೆ ಬೆಳಿಗ್ಗೆಯೇ ಏಕೆ? ರಾತ್ರಿ ನುಂಗಿದರೆ ಏನಾಗುತ್ತದೆ?



ಹೃದಯದ ಡಾಕ್ಟರ್ ಸ್ಟಿರಾಯ್ಡ್ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನೀವು ಕೇಳಬಹುದು. ಸ್ಟಿರಾಯ್ಡ್ ಬರೆದುಕೊಡುವವರು ಹೆಚ್ಚಾಗಿ ಕೀಲು, ಶ್ವಾಸಕೋಶ, ಚರ್ಮ, ಕಿಡ್ನಿಯ ತಜ್ಞರು. ಆದರೆ ಅದನ್ನು ತಪ್ಪು ಹೊತ್ತಿನಲ್ಲಿ ನುಂಗಿ ಎದೆ ಬಡಿತ, ಬಿ.ಪಿ., ಕಾಲು ಊತ ಎಂದು ಬರುವವರು ಬಂದು ಕೂರುವುದು ನನ್ನ ಮುಂದೆ.

ಕಳೆದ ವರ್ಷ ಮಳೆಗಾಲದಲ್ಲಿ ಗದಗಿನ ಕಡೆಯ ಒಬ್ಬ ತಾಯಿ ಬಂದಿದ್ದರು. ವಯಸ್ಸು 68. ಮಗ-ಸೊಸೆ ಇಬ್ಬರೂ ಪುಣೆಯಲ್ಲಿ ಐ.ಟಿ. ಕೆಲಸ. ಊರಿನಲ್ಲಿ ಒಬ್ಬರೇ ಇರುವುದು ಬೇಡ ಎಂದು ಮಗ ಇಲ್ಲಿಗೆ ಕರೆತಂದಿದ್ದ. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಅವರ ಮುಖ ಅರಳಿತು. "ಡಾಕ್ಟರೇ, ರಾತ್ರಿ ಆತಂದ್ರ ಎದಿ ಡಬ್ ಡಬ್ ಅಂತೈತ್ರಿ. ನಿದ್ದಿ ಅನ್ನೂದು ಇಲ್ಲೇ ಇಲ್ರಿ. ಎರಡು ಗಂಟೆಗೆ ಎದ್ದು ಪಾತ್ರಿ ತಿಕ್ಕತೀನಿ, ಸೊಸಿ ಬೈತಾಳ" ಎಂದರು. ಸೊಸೆ ಬೈದಿರಲಿಲ್ಲ, ಹೆದರಿದ್ದಳು ಅಷ್ಟೆ. ಅತ್ತೆಗೆ ತಲೆ ಕೆಡುತ್ತಿದೆಯೇನೋ ಎಂಬುದು ಅವಳ ಭಯ. ಒಬ್ಬರು ನಿದ್ದೆ ಮಾತ್ರೆಯನ್ನೂ ಬರೆದುಕೊಟ್ಟಿದ್ದರು.

ಇ.ಸಿ.ಜಿ.ಯಲ್ಲಿ ಬಡಿತ ಸ್ವಲ್ಪ ಜೋರಿತ್ತು, ಬೇರೇನೂ ಇಲ್ಲ. ಎಕೋ ಚೆನ್ನಾಗಿತ್ತು. ಮಾತ್ರೆಗಳ ಚೀಲ ತೋರಿಸಿ ಎಂದೆ. ಸಂಧಿವಾತಕ್ಕೆಂದು ಆರು ವಾರದಿಂದ ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ ನಡೆದಿತ್ತು. ಯಾವಾಗ ನುಂಗುತ್ತೀರಿ ಎಂದು ಕೇಳಿದೆ. ರಾತ್ರಿ ಊಟವಾದ ಮೇಲೆ, ಒಂಬತ್ತೂವರೆಗೆ. ಬಿ.ಪಿ.ದು, ಕ್ಯಾಲ್ಸಿಯಂ, ಸ್ಟಿರಾಯ್ಡ್, ನಿದ್ದೆಯದು, ಎಲ್ಲ ಒಟ್ಟಿಗೆ.

ಏಕೆ ಎಂದರೆ, ಮಗ ಮನೆಗೆ ಬರುವುದೇ ರಾತ್ರಿ ಎಂಟರ ಮೇಲೆ. ತಾಯಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಂಗಡಿಯವನ ಮರಾಠಿ ತಿಳಿಯುವುದಿಲ್ಲ. ಸ್ಟ್ರಿಪ್ ನೋಡಿ ಮಾತ್ರೆ ಬಿಡಿಸಿ ಕೈಗೆ ಕೊಡುವವನು ಮಗನೇ. ಪ್ರೀತಿಯಿಂದಲೇ ಕೊಡುತ್ತಿದ್ದ, ಹೊತ್ತು ಮಾತ್ರ ತಪ್ಪಿತ್ತು. ಚೀಟಿಯಲ್ಲಿ ಸರಿಯಾಗಿ 1-0-0 ಎಂದೇ ಬರೆದಿತ್ತು. ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಯಾರೂ ಅದನ್ನು ಓದಿರಲಿಲ್ಲ. ನಿಮ್ಮ ಮನೆಯ ಚೀಟಿಗಳಲ್ಲೂ ಈ ಮೂರು ಅಂಕಿಗಳನ್ನು ಒಮ್ಮೆ ನೋಡಿ. ಕೆಲವು ಚೀಟಿಗಳಲ್ಲಿ ಬರೀ "ಓ.ಡಿ." ಎಂದಿರುತ್ತದೆ. ಅದಕ್ಕೆ ದಿನಕ್ಕೊಂದು ಎಂದಷ್ಟೇ ಅರ್ಥ, ಯಾವ ಹೊತ್ತಿಗೆ ಎಂಬುದು ಅದರಲ್ಲಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

*ದೇಹದೊಳಗಿನ ಗಡಿಯಾರ*

ನಮ್ಮ ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇದೆ. ಹೆಸರು ಅಡ್ರಿನಲ್. ಇದು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಅದು ನಮ್ಮದೇ ದೇಹದ ಸ್ವಂತ ಸ್ಟಿರಾಯ್ಡ್. ಬಿ.ಪಿ. ಬೀಳದಂತೆ, ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಜ್ವರ-ಪೆಟ್ಟು ಬಂದಾಗ ದೇಹವನ್ನು ಎತ್ತಿ ನಿಲ್ಲಿಸುವುದು ಅದರ ಕೆಲಸ. ಹಾಗಾಗಿ ಸ್ಟಿರಾಯ್ಡ್ ಎಂದರೆ ವಿಷ ಎನ್ನುವವರಿಗೆ ನಾನು ಹೇಳುವುದು, ಅದಿಲ್ಲದೆ ನೀವು ಬದುಕುವುದಿಲ್ಲ.

ಈ ಕಾರ್ಟಿಸಾಲ್ ದಿನವಿಡೀ ಒಂದೇ ಸಮ ಇರುವುದಿಲ್ಲ. ನಡುರಾತ್ರಿಯ ಹೊತ್ತಿಗೆ ತಳ ಮುಟ್ಟಿರುತ್ತದೆ. ಬೆಳಗಿನ ಜಾವ ಎರಡು-ಮೂರು ಗಂಟೆಯಿಂದ ಏರತೊಡಗಿ, ನಾವು ಏಳುವ ಹೊತ್ತಿಗೆ, ಸುಮಾರು ಆರರಿಂದ ಎಂಟರೊಳಗೆ ಶಿಖರ ಮುಟ್ಟುತ್ತದೆ. ಅಲ್ಲಿಂದ ಸಂಜೆಯವರೆಗೆ ಇಳಿಯುತ್ತ ಹೋಗುತ್ತದೆ. ಎದ್ದೇಳು, ಕೆಲಸ ಶುರು ಮಾಡು ಎಂದು ದೇಹಕ್ಕೆ ಹೇಳುವ ಸುಪ್ರಭಾತ ಅದು. ಇದಕ್ಕೆ ಆಜ್ಞೆ ಕೊಡುವುದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ. ಅದಕ್ಕೂ ಮೇಲೆ, ಕಣ್ಣಿಗೆ ಬೀಳುವ ಬೆಳಕು ನೋಡಿ ಹೊತ್ತು ತಿಳಿಯುವ ಒಂದು ಗಡಿಯಾರ ಮಿದುಳಿನಲ್ಲೇ ಇದೆ. ಜೀವಕೋಶಗಳಲ್ಲಿ ಇಂಥ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ಈಗ ನಿಮ್ಮ ಸೊಸೈಟಿಯ ಟೆರೇಸಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಿನೊಳಗೆ ಸೆನ್ಸರ್ ಇರುತ್ತದೆ. ನೀರು ಕೆಳಗಿಳಿದರೆ ಮೋಟಾರ್ ತಾನೇ ಶುರುವಾಗುತ್ತದೆ, ತುಂಬಿದರೆ ನಿಲ್ಲುತ್ತದೆ. ರಾತ್ರಿ ಹತ್ತಕ್ಕೆ ಟ್ಯಾಂಕರ್ ತರಿಸಿ ಮೇಲಿನ ಟ್ಯಾಂಕ್ ತುಂಬಿಸಿದಿರಿ ಎನ್ನಿ. ಬೆಳಗಿನ ಜಾವ ಓಡಬೇಕಿದ್ದ ಮೋಟಾರ್ "ಟ್ಯಾಂಕ್ ತುಂಬಿದೆಯಲ್ಲ" ಎಂದು ಸುಮ್ಮನೆ ಕೂರುತ್ತದೆ. ರಾತ್ರಿ ನುಂಗಿದ ಸ್ಟಿರಾಯ್ಡ್ ಮಾಡುವುದು ಇದನ್ನೇ. ಅಡ್ರಿನಲ್ ಗ್ರಂಥಿ ಅತಿ ಹೆಚ್ಚು ಕೆಲಸ ಮಾಡಬೇಕಾದ ಹೊತ್ತಿನಲ್ಲಿ ಅದಕ್ಕೆ ಆಜ್ಞೆಯೇ ಬರುವುದಿಲ್ಲ. ತಿಂಗಳುಗಟ್ಟಲೆ ಹೀಗಾದರೆ ಗ್ರಂಥಿ ಸೊರಗುತ್ತದೆ, ನಿಂತ ಮೋಟಾರ್ ತುಕ್ಕು ಹಿಡಿದ ಹಾಗೆ.

ಬೆಳಿಗ್ಗೆ ಎಂಟಕ್ಕೆ ನುಂಗಿದರೆ ಅಂದಿನ ದೊಡ್ಡ ಪಾಳಿ ಆಗಲೇ ಮುಗಿದಿರುತ್ತದೆ. ಹೊರಗಿನ ಸ್ಟಿರಾಯ್ಡ್ ದೇಹದ ಸ್ವಂತ ಸ್ಟಿರಾಯ್ಡಿನ ಜೊತೆಗೇ ಏರಿ, ಜೊತೆಗೇ ಇಳಿಯುತ್ತದೆ. ಮರುದಿನದ ಜಾವಕ್ಕೆ ಸೆನ್ಸರ್ ಮತ್ತೆ ಸ್ವಲ್ಪವಾದರೂ ಎಚ್ಚರವಾಗಲು ಅವಕಾಶ ಸಿಗುತ್ತದೆ. ಡೋಸ್ ದೊಡ್ಡದಾಗಿದ್ದು ಬಹಳ ದಿನ ನಡೆದರೆ ಬೆಳಿಗ್ಗೆ ನುಂಗಿದರೂ ಗ್ರಂಥಿ ಸೊರಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಡೋಸ್ ರಾತ್ರಿಯಾದರೆ ಪೆಟ್ಟು ಹೆಚ್ಚು. ನಿದ್ದೆಯ ಲೆಕ್ಕ ಬೇರೆ. ಕಾರ್ಟಿಸಾಲ್ ತಳ ಮುಟ್ಟಿ ದೇಹ ಮಲಗಬೇಕಾದ ಹೊತ್ತಿನಲ್ಲಿ ನೀವು ಸುಪ್ರಭಾತ ಹಾಕಿದಂತೆ. ಆ ತಾಯಿ ನಡುರಾತ್ರಿ ಪಾತ್ರೆ ತಿಕ್ಕುತ್ತಿದ್ದುದು ಅದಕ್ಕೇ.

ನಾನು ಅವರ ಕೀಲು ತಜ್ಞರಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದ ಹಾಗೆ ಹೊತ್ತು ಬದಲಿಸಿದೆವು. ಮಗ ಕೆಲಸಕ್ಕೆ ಹೊರಡುವ ಮುನ್ನ ಏಳೂವರೆಗೆ, ಉಪ್ಪಿಟ್ಟೋ ಅವಲಕ್ಕಿಯೋ ತಿಂದ ಮೇಲೆ ಸ್ಟಿರಾಯ್ಡ್ ಒಂದೇ. ಉಳಿದವು ಹಿಂದಿನಂತೆ ರಾತ್ರಿ. ನಿದ್ದೆ ಮಾತ್ರೆಯನ್ನು ಮುಂದೆ ನಿಧಾನವಾಗಿ ಇಳಿಸಿ ಬಿಡಿಸಿದೆವು. ಹತ್ತು ದಿನದಲ್ಲಿ ಎದೆ ಬಡಿತದ ದೂರು ಹೋಯಿತು.

ಹೊತ್ತು ಬದಲಿಸುವಾಗ ನೀವೂ ಹೀಗೆ ಡಾಕ್ಟರನ್ನು ಕೇಳಿಯೇ ಬದಲಿಸಿ. ಈ ಲೇಖನ ಓದಿ ನಾಳೆಯಿಂದಲೇ ನಿಮ್ಮಷ್ಟಕ್ಕೆ ನೀವು ಶುರು ಮಾಡಬೇಡಿ.

*ತಿಂಡಿಯ ಜೊತೆ ಎಂದರೆ ತಿಂಡಿಯ ಜೊತೆ*

ಬರೀ ಚಹಾ, ಎರಡು ಬಿಸ್ಕತ್ತು ತಿಂಡಿಯಲ್ಲ. ಇಡ್ಲಿ, ಚಪಾತಿ, ರೊಟ್ಟಿ, ಏನಾದರೂ ಹೊಟ್ಟೆಗೆ ಬಿದ್ದಿರಲಿ. ಖಾಲಿ ಹೊಟ್ಟೆಗೆ ನುಂಗಿದರೆ ಹಲವರಿಗೆ ಉರಿ, ವಾಕರಿಕೆ. ಅದಕ್ಕಿಂತ ನನಗೆ ಭಯ ಇನ್ನೊಂದು ವಿಷಯದಲ್ಲಿ. ಮಂಡಿ ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಯನ್ನು ಸ್ಟಿರಾಯ್ಡ್ ಜೊತೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಬಹಳ ಹೆಚ್ಚುತ್ತದೆ. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಸ್ಟಿರಾಯ್ಡ್ ಶುರುವಾದ ಕೂಡಲೇ ಇಬ್ಬರೂ ಡಾಕ್ಟರಿಗೆ ತಿಳಿಸಿ. ಮಲ ಟಾರಿನಂತೆ ಕಪ್ಪಾಗಿ ಹೋದರೆ ಅದೇ ದಿನ ಆಸ್ಪತ್ರೆಗೆ ಬನ್ನಿ.

ಶ್ರಾವಣ ಸೋಮವಾರ, ಏಕಾದಶಿ ಎಂದು ಉಪವಾಸ ಮಾಡುವವರು ಆ ದಿನ ಮಾತ್ರೆ ಬಿಡುವುದುಂಟು. ಬಿಡಬೇಡಿ. ಹಾಲು-ಹಣ್ಣು, ಸಾಬೂದಾನಿ ಏನಾದರೂ ತಿಂದು ನುಂಗಿ. ರಂಜಾನ್ ಉಪವಾಸ ಇರುವವರಿಗೆ ದಿನಕ್ಕೊಂದೇ ಡೋಸ್ ಇದ್ದರೆ ಸೆಹ್ರಿ ಊಟದ ಜೊತೆ ಸಾಮಾನ್ಯವಾಗಿ ಹೊಂದುತ್ತದೆ, ತಿಂಗಳು ಶುರುವಾಗುವ ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

*ಶುಗರ್ ಯಾವಾಗ ನೋಡಬೇಕು?*

ಇದು ಬಹಳ ಮನೆಗಳಲ್ಲಿ ತಪ್ಪುವ ಜಾಗ. ಮೊದಲು ಹೇಳಿದ ತಾಯಿಯ ಮಗ ಒಂದು ತಿಂಗಳ ನಂತರ ಖುಷಿಯಿಂದ ರಿಪೋರ್ಟ್ ತೋರಿಸಿದ. "ಸರ್, ಅಮ್ಮನ ಫಾಸ್ಟಿಂಗ್ ಶುಗರ್ 96." ನಾನು ಹೇಳಿದೆ, ಇವತ್ತು ಸಂಜೆ ಐದಕ್ಕೆ ಮನೆಯಲ್ಲೇ ಗ್ಲುಕೋಮೀಟರಿನಲ್ಲಿ ನೋಡಿ ಫೋನ್ ಮಾಡಪ್ಪ. ಸಂಜೆ ಬಂದ ಅಂಕಿ 264.

ಬೆಳಿಗ್ಗೆ ಎಂಟಕ್ಕೆ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ರಾತ್ರಿಯ ಊಟದವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಅದರ ಪ್ರಭಾವ ಇಳಿದಿರುತ್ತದೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಸ್ಟಿರಾಯ್ಡ್ ನಡೆಯುತ್ತಿರುವಾಗ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ, ಇಲ್ಲವೇ ರಾತ್ರಿ ಊಟಕ್ಕೆ ಮುಂಚೆ ನೋಡಿ. ಮೊದಲೇ ಸಕ್ಕರೆ ಕಾಯಿಲೆ ಇದ್ದವರು ಹೊಸ ಸ್ಟಿರಾಯ್ಡ್ ಶುರುವಾದ ದಿನವೇ ಶುಗರಿನ ಡಾಕ್ಟರಿಗೆ ತಿಳಿಸಬೇಕು, ಇನ್ಸುಲಿನ್ನಿನ ಹೊತ್ತೂ ಪ್ರಮಾಣವೂ ಬದಲಾಗಬಹುದು. ಸಂಜೆಯ ಅಂಕಿ ನೋಡಿ ಹೆದರಿ ರಾತ್ರಿಯ ಇನ್ಸುಲಿನ್ ನೀವೇ ಏರಿಸಿಬಿಟ್ಟರೆ ನಸುಕಿನಲ್ಲಿ ಶುಗರ್ ಬಿದ್ದು ಬೇರೆಯೇ ಕಥೆಯಾಗುತ್ತದೆ.

2021ರ ಎರಡನೇ ಅಲೆಯಲ್ಲಿ ಇದರ ಅತಿರೇಕವನ್ನು ದೇಶವೇ ನೋಡಿತು. ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಜೀವ ಉಳಿಸುತ್ತದೆ ಎಂದು 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿಕೊಟ್ಟಿತ್ತು. ಅದೇ ಔಷಧವನ್ನು ಬೇಡದವರಿಗೆ, ಬೇಡದಷ್ಟು ಕೊಟ್ಟು, ಶುಗರ್ ನೋಡದೆ ಬಿಟ್ಟ ಕಡೆ ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು.

*ಈ ನಿಯಮ ಯಾರಿಗೆ ಅನ್ವಯಿಸುವುದಿಲ್ಲ*

ರಾತ್ರಿ ಪಾಳಿಯವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಹೈದರಾಬಾದ್, ಪುಣೆ, ಚೆನ್ನೈಯ ಕಾಲ್ ಸೆಂಟರುಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ. ಸದಾ ರಾತ್ರಿ ಪಾಳಿಯಾದರೆ "ಬೆಳಿಗ್ಗೆ" ಎಂದರೆ ನೀವು ಮಲಗಿ ಏಳುವ ಹೊತ್ತು. ಎದ್ದು, ತಿಂದು, ನುಂಗಿ. ವಾರಕ್ಕೊಮ್ಮೆ ಪಾಳಿ ಬದಲಾಗುವವರು ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಿ. ನಾವಾಗಿ ಕೇಳುವುದು ಕಡಿಮೆ, ಅದು ನಮ್ಮ ತಪ್ಪು.

ಆಸ್ತಮಾ ಜೋರಾಗಿ ರಾತ್ರಿ ಹನ್ನೊಂದಕ್ಕೆ ಡಾಕ್ಟರ್ "ಈಗಲೇ ಕೊಡಿ" ಎಂದರೆ ಈಗಲೇ. ಬೆಳಗಾಗಲಿ ಎಂದು ಕಾಯುವುದು ಪ್ರಾಣಕ್ಕೆ ಕುತ್ತು.

ಇನ್ಹೇಲರಿನಲ್ಲಿ ಎಳೆಯುವ ಸ್ಟಿರಾಯ್ಡ್ ಬೇರೆ ಲೆಕ್ಕ. ಬೆಳಿಗ್ಗೆ-ಸಂಜೆ ಎರಡು ಹೊತ್ತು ಎಂದಿದ್ದರೆ ಎರಡು ಹೊತ್ತೂ ತೆಗೆದುಕೊಳ್ಳಿ, ಬಾಯಿ ಮುಕ್ಕಳಿಸಿ ಉಗಿಯಿರಿ. ಕಣ್ಣಿನ ಹನಿ, ಚರ್ಮದ ಮುಲಾಮಿಗೂ ಈ ನಿಯಮ ಇಲ್ಲ.

ಅಡ್ರಿನಲ್ ಗ್ರಂಥಿಯೇ ಕೆಲಸ ಬಿಟ್ಟವರು (ಅಡಿಸನ್ ಕಾಯಿಲೆ) ಹೈಡ್ರೊಕಾರ್ಟಿಸೋನನ್ನು ದಿನಕ್ಕೆ ಎರಡು ಮೂರು ಸಲ ತೆಗೆದುಕೊಳ್ಳುತ್ತಾರೆ. ದೊಡ್ಡ ಪಾಲು ಎದ್ದ ಕೂಡಲೇ, ಕೊನೆಯದು ಸಾಮಾನ್ಯವಾಗಿ ಸಂಜೆಗೆ ಮುಂಚೆ. ನೋಡಿ, ಇಲ್ಲಿಯೂ ದೇಹದ ಗಡಿಯಾರವನ್ನೇ ಅನುಕರಿಸುತ್ತೇವೆ. ಬೇರೆ ಕಾಯಿಲೆಗಳಲ್ಲಿ ಪ್ರೆಡ್ನಿಸೊಲೋನನ್ನೇ ದಿನಕ್ಕೆರಡು ಎಂದು ಬರೆದಿದ್ದರೆ, ಎರಡನೆಯದನ್ನು ಮಧ್ಯಾಹ್ನದ ಊಟದ ಜೊತೆ ಮುಗಿಸಬಹುದೇ ಎಂದು ಕೇಳಿ. ಬಹಳ ಸಲ ಆಗುತ್ತದೆ. ಮಕ್ಕಳ ಕಿಡ್ನಿ ಕಾಯಿಲೆಯಲ್ಲಿ ದಿನ ಬಿಟ್ಟು ದಿನ ಕೊಡುವ ಹಂತ ಬರುತ್ತದೆ. ಆಗ ಗೋಡೆಯ ಕ್ಯಾಲೆಂಡರಿನಲ್ಲಿ ಕೊಟ್ಟ ದಿನಕ್ಕೆ ಕೆಂಪು ಗೆರೆ ಹಾಕಿ. ನೆನಪನ್ನು ನಂಬಬೇಡಿ, ಅಪ್ಪ ಒಮ್ಮೆ ಅಮ್ಮ ಒಮ್ಮೆ ಕೊಟ್ಟು ದಿನವೂ ಕೊಟ್ಟ ಮನೆಗಳನ್ನು ನೋಡಿದ್ದೇನೆ.

ಬೆಳಿಗ್ಗೆ ಮರೆತು ಮಧ್ಯಾಹ್ನ ನೆನಪಾದರೆ ಊಟದ ಜೊತೆ ತೆಗೆದುಕೊಳ್ಳಿ. ರಾತ್ರಿ ನೆನಪಾದರೆ ಡಾಕ್ಟರಿಗೊಂದು ಫೋನ್ ಮಾಡಿ. ಅವರು ಸಿಗದಿದ್ದರೆ ಊಟದ ಜೊತೆ ನುಂಗಿಬಿಡಿ, ಒಂದು ರಾತ್ರಿಯ ನಿದ್ದೆ ಕೆಡುವುದು ಡೋಸನ್ನೇ ಬಿಡುವುದಕ್ಕಿಂತ ಸಣ್ಣ ತೊಂದರೆ. ಮರುದಿನವೇ ನೆನಪಾದರೆ ಅಂದಿನದನ್ನು ಮಾತ್ರ ತೆಗೆದುಕೊಳ್ಳಿ, ಎರಡು ಸೇರಿಸಬೇಡಿ.

*ಹೊತ್ತು ತಪ್ಪುವುದಕ್ಕಿಂತ ದೊಡ್ಡ ಅಪಾಯ*

ಇಲ್ಲಿ ಹೋಟೆಲ್ ನಡೆಸುವ ಕರಾವಳಿಯ ಒಬ್ಬರು, ಐವತ್ತರ ಆಸುಪಾಸು. ಚರ್ಮದಲ್ಲಿ ಗುಳ್ಳೆ ಏಳುವ ಕಾಯಿಲೆಗೆ ನಾಲ್ಕು ತಿಂಗಳಿಂದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರು. ಗುಳ್ಳೆ ಒಣಗಿತ್ತು. ಯಾರೋ ಕಳಿಸಿದ ಮೆಸೇಜ್ ಬಂತು, ಸ್ಟಿರಾಯ್ಡ್ ಮೂಳೆ ತಿನ್ನುತ್ತದೆ, ಇಂದೇ ಬಿಡಿ ಎಂದು. ಬಿಟ್ಟರು. ಐದನೇ ದಿನ ಗಲ್ಲಾಪೆಟ್ಟಿಗೆಯ ಮುಂದೆಯೇ ಕುಸಿದರು. ಹಾರ್ಟ್ ಅಟ್ಯಾಕ್ ಎಂದು ನಮ್ಮಲ್ಲಿಗೆ ತಂದರು. ಬಿ.ಪಿ. 80, ಶುಗರ್ 58, ವಾಂತಿ, ಮೈ ತಣ್ಣಗೆ. ಇ.ಸಿ.ಜಿ.ಯಲ್ಲಿ ಅಟ್ಯಾಕ್ ಇಲ್ಲ, ರಕ್ತದಲ್ಲೂ ಇಲ್ಲ. ಏನೆಂದು ನಾವು ತಡಕಾಡುತ್ತಿರುವಾಗ ಅವರ ಹೆಂಡತಿ ಪರ್ಸಿನಿಂದ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದು, "ಇದನ್ನು ನಿಲ್ಲಿಸಿದ ಮೇಲೆ ಸುಸ್ತು ಸುಸ್ತು ಎಂದು ಹೇಳುತ್ತಿದ್ದರು" ಎಂದರು. ಆ ಸ್ಟ್ರಿಪ್ಪೇ ಅವರನ್ನು ಉಳಿಸಿತು. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಸಲೈನ್ ಕೊಟ್ಟು ಕೆಲವು ಗಂಟೆಗಳಲ್ಲಿ ಬಿ.ಪಿ. ಮೇಲೆ ಬಂತು.

ಟ್ಯಾಂಕರ್ ದಿನವೂ ಬರುತ್ತಿತ್ತು, ಮೋಟಾರ್ ತುಕ್ಕು ಹಿಡಿದಿತ್ತು, ಒಂದು ದಿನ ಟ್ಯಾಂಕರ್ ನಿಂತಿತು. ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟಿರಾಯ್ಡ್ ಮಾತ್ರೆ ನಡೆದಿದ್ದರೆ ಅದನ್ನು ತಟ್ಟನೆ ನಿಲ್ಲಿಸಬಾರದು. ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಇಳಿಸುವ ಪಟ್ಟಿಯನ್ನು ಡಾಕ್ಟರೇ ಬರೆದುಕೊಡಬೇಕು. ಮೂಳೆ ಸವೆಯುವುದು ಸುಳ್ಳಲ್ಲ, ಆದರೆ ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ, ಬೇಕಾದರೆ ಬೇರೆ ಔಷಧ ಇದೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವಾಗ ವಾಂತಿ-ಭೇದಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಅದು ನಿಲ್ಲಿಸಿದಂತೆಯೇ ಆಗುತ್ತದೆ. ತಡಮಾಡದೆ ಆಸ್ಪತ್ರೆಗೆ ಹೋಗಿ, ಸ್ಟಿರಾಯ್ಡ್ ನಡೆಯುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಿ.

ಊರಿಗೆ ಹೋಗುವಾಗ ಎರಡು ವಾರಕ್ಕೆ ಹೆಚ್ಚಿನ ಮಾತ್ರೆ, ಜೊತೆಗೆ ಚೀಟಿ, ಕೈಚೀಲದಲ್ಲಿ ಇರಲಿ, ಬಸ್ಸಿನ ಡಿಕ್ಕಿಗೆ ಹಾಕುವ ಸೂಟ್‌ಕೇಸಿನಲ್ಲಲ್ಲ. ಅಲ್ಲಿ ಮುಗಿದು, ಅಂಗಡಿಯವರು "ಇದೂ ಅದೇ" ಎಂದು ಬೇರೆ ಕೊಟ್ಟರೆ ಹೆಸರು ಓದಿಸಿ. ವೈಸೊಲೋನ್, ಓಮ್ನಾಕಾರ್ಟಿಲ್ ಎರಡೂ ಪ್ರೆಡ್ನಿಸೊಲೋನೇ, ಆದರೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ ಎಂದರೆ 4 ಮಿಲಿಗ್ರಾಂ ಮೀಥೈಲ್ ಪ್ರೆಡ್ನಿಸೊಲೋನ್, 6 ಮಿಲಿಗ್ರಾಂ ಡಿಫ್ಲಜಕೋರ್ಟ್, ಡೆಕ್ಸಾಮೆಥಸೋನ್ ಆದರೆ 1 ಮಿಲಿಗ್ರಾಮಿಗೂ ಕಡಿಮೆ. ಅಂಕಿ ಒಂದೇ ಇದ್ದರೆ ಶಕ್ತಿ ಒಂದೇ ಅಲ್ಲ.

ಹಾಗೆಯೇ ಮಂಡಿ ನೋವಿಗೆ ಊರಿನಿಂದ ತರಿಸುವ ಹೆಸರಿಲ್ಲದ ಪುಡಿ. ಎರಡೇ ದಿನಕ್ಕೆ ಪವಾಡದಂತೆ ನೋವು ಹೋಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು ಎಂದು ಅನುಮಾನಿಸಿ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದ ಮಹಿಳೆಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗಲೂ ಕೆಲವೇ ದಿನದಲ್ಲಿ ಎದ್ದು ನಡೆದಿದ್ದರು. 1950ರಲ್ಲಿ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಮೂವರಿಗೆ ನೊಬೆಲ್ ಬಂದದ್ದು ಈ ಹಾರ್ಮೋನುಗಳ ಕೆಲಸಕ್ಕೇ. ಪುಡಿ ಮಾರುವವನು ತೋರಿಸುವುದೂ ಅದೇ ಪವಾಡ, ಡೋಸ್ ಮಾತ್ರ ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅಂಥ ಪುಡಿ ತಿಂಗಳುಗಟ್ಟಲೆ ತಿಂದಿದ್ದರೆ ಅದನ್ನೂ ತಟ್ಟನೆ ಬಿಡದೆ, ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಬನ್ನಿ. ಯಾರೂ ಬೈಯುವುದಿಲ್ಲ.

ಇನ್ನು ನನ್ನ ವಿಭಾಗದ ಒಂದು ಮಾತು. ಸ್ಟಿರಾಯ್ಡ್ ದೇಹದಲ್ಲಿ ಉಪ್ಪು-ನೀರು ಹಿಡಿದಿಡುತ್ತದೆ. ಊರಿನಿಂದ ಬಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಡಬ್ಬಿಗಳನ್ನು ಈ ಅವಧಿಯಲ್ಲಿ ಮೇಲಿನ ಶೆಲ್ಫಿಗೆ ಏರಿಸಿ. ಬಿ.ಪಿ. ವಾರಕ್ಕೆರಡು ಸಲ ನೋಡಿ ಬರೆದಿಡಿ. ಹಾರ್ಟ್ ಫೇಲ್ಯೂರ್ ಇದ್ದವರು ದಿನವೂ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲೇ ಎರಡು ಕೆ.ಜಿ. ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸದೆ ಅಂದೇ ಫೋನ್ ಮಾಡಿ. ನೀರು ಹೋಗುವ ಮಾತ್ರೆಯೂ ಜೊತೆಗಿದ್ದರೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಅದು ಇಳಿದರೆ ಬಡಿತ ತಪ್ಪುತ್ತದೆ.

ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಮಾತ್ರೆ ಡಬ್ಬಿಯ ಮೇಲೆ ಸೂರ್ಯನ ಚಿತ್ರ, ಚಂದ್ರನ ಚಿತ್ರ ಬಿಡಿಸಿ ಅಂಟಿಸಿ. ಗದಗಿನ ತಾಯಿಯ ಮನೆಯಲ್ಲಿ ಮೊಮ್ಮಗಳು ಹಾಗೆ ಮಾಡಿದ್ದಾಳೆ. ಈಗ ಮಗ ಬೇಗ ಹೊರಟ ದಿನವೂ ಅವರು ಸೂರ್ಯನ ಡಬ್ಬಿಯನ್ನು ತಾವೇ ತೆಗೆಯುತ್ತಾರಂತೆ.